ಮಡದಿಯ ಓದುಕೂಟ, ಪತಿಯ ಕಾವಲಿ

ಪುಸ್ತಕವನ್ನು ಒಬ್ಬರೇ ಕುಳಿತು ಮೌನವಾಗಿ ಓದುವ ಅಭ್ಯಾಸ ನಮ್ಮ ನಾಡಿನಲ್ಲಿ ಬಹುಮಟ್ಟಿಗೆ ಈಚಿನದು. ಗಮಕಿ ಕಾವ್ಯವನ್ನು ರಾಗವಾಗಿ ವಾಚಿಸುವುದು, ವ್ಯಾಖ್ಯಾನಕಾರ ಅರ್ಥ ಬಿಡಿಸುವುದು, ನೆರೆದವರು ಆಲಿಸುವುದು—ಇದು ಹಳೆಯ ಕ್ರಮ. ಕುಮಾರವ್ಯಾಸನ ಭಾರತವೂ ಲಕ್ಷ್ಮೀಶನ ಜೈಮಿನಿ ಭಾರತವೂ ಅಕ್ಷರ ಬಾರದವರ ಮನೆಯನ್ನೂ ಹೊಕ್ಕದ್ದು ಹೀಗೆ. ಇಂದು ಬಡಾವಣೆಗಳಲ್ಲಿ ಮಹಿಳೆಯರು ನಡೆಸುವ ಓದುಕೂಟಗಳು ಆ ಕ್ರಮದ ಹೊಸ ಕವಲುಗಳೆನ್ನಬಹುದು. ವ್ಯತ್ಯಾಸವಿಷ್ಟೆ: ಇಲ್ಲಿ ಎಲ್ಲರೂ ವ್ಯಾಖ್ಯಾನಕಾರರೇ!

ಇಂಥ ಕೂಟಕ್ಕೆ ಸದಸ್ಯೆಯೊಬ್ಬಳ ಪತಿ ಕಾಲಿಟ್ಟರೆ ಏನಾದೀತು? ಅದರಲ್ಲಿಯೂ ಆತ ಕನ್ನಡ ಅಧ್ಯಾಪಕನಾದರೆ? ಚರ್ಚೆ ಪಾಠವಾಗಿಬಿಡುವ ಭಯ ಒಂದು. ಹೆಂಗಸರು ಸಂಕೋಚವಿಲ್ಲದೆ ಆಡುತ್ತಿದ್ದ ಮಾತು ಗಂಟಲಲ್ಲೇ ನಿಂತುಬಿಡುವ ಭಯ ಇನ್ನೊಂದು. ಕೂಟ ನಮ್ಮ ಮನೆಯಲ್ಲಿ ಸೇರುವ ಸರದಿ ಬಂದಾಗ, ನಾನೂ ಬರಲೇ ಎಂದು ಕೇಳಿದೆ. ನನ್ನಾಕೆ ಒಂದೇ ಮಾತಿನಲ್ಲಿ ಇತ್ಯರ್ಥ ಮಾಡಿದಳು: “ಬನ್ನಿ, ಬೇಡವೆಂದವರಾರು? ಆದರೆ ಕಾವಲಿ ಮಾತ್ರ ನಿಮ್ಮದು, ರೀ!”

ಆ ಮಾತಿನಲ್ಲಿ ವಿನೋದಕ್ಕಿಂತ ವಿವೇಕ ಹೆಚ್ಚು. ಆ ಕೂಟದಲ್ಲಿ ದೋಸೆಯಿಲ್ಲದ ಸಭೆಯಿಲ್ಲ. ದೋಸೆಯೋ ಉಪ್ಪಿಟ್ಟಿನಂತೆ ಮೊದಲೇ ಮಾಡಿ ಮುಚ್ಚಿಡುವ ತಿಂಡಿಯಲ್ಲ. ಒಂದೊಂದಾಗಿ ಹುಯ್ದು ಬಿಸಿಬಿಸಿಯಾಗಿಯೇ ಬಡಿಸಬೇಕು. ಆದ್ದರಿಂದ ಯಾರ ಮನೆಯಲ್ಲಿ ಕೂಟವೋ ಆ ಮನೆಯಾಕೆಗೆ ಅರ್ಧ ಚರ್ಚೆ ತಪ್ಪಿಹೋಗುತ್ತಿತ್ತು. ಪುಸ್ತಕ ಓದಿ ಸಿದ್ಧಳಾಗಿದ್ದವಳೇ ತನ್ನ ಮನೆಯ ಕೂಟಕ್ಕೆ ಹೊರಗಿನವಳು!

ಅಂದು ನಾನು ಮಾಡಿದ್ದು ಗೋಧಿಹಿಟ್ಟಿನ ಸಿಹಿದೋಸೆ. 2 ಲೋಟ ಗೋಧಿಹಿಟ್ಟು, ಅರ್ಧ ಲೋಟ ಅಕ್ಕಿಹಿಟ್ಟು, ನೀರಿನಲ್ಲಿ ಕರಗಿಸಿ ಸೋಸಿದ 1 ಲೋಟ ಬೆಲ್ಲ, ಒಂದು ಹಿಡಿ ತೆಂಗಿನತುರಿ, ಏಲಕ್ಕಿ ಪುಡಿ, ಚಿಟಿಕೆ ಉಪ್ಪು. ಗಂಟಿಲ್ಲದಂತೆ ಕಲಸಿ ಕಾಲು ಗಂಟೆ ಬಿಡಬೇಕು. ಬೆಲ್ಲ ಬೇಗ ಸೀಯುವುದರಿಂದ ಉರಿ ಸಣ್ಣದಿರಲಿ. ಅಂಚಿಗೆ ತುಪ್ಪ ಬಿಟ್ಟು, ಮೇಲ್ಭಾಗದ ಹಸಿ ಆರಿದ ಮೇಲೆಯೇ ಮಗುಚಬೇಕು, ಅವಸರಪಟ್ಟರೆ ಹರಿಯುತ್ತದೆ.

ಅಂದಿನ ಪುಸ್ತಕ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’. 1976ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ಪ್ರೇಮಾ ಕಾರಂತರು 1983ರಲ್ಲಿ ಚಲನಚಿತ್ರವಾಗಿಸಿದರು. ಬಾಲ್ಯದಲ್ಲಿಯೇ ವಿಧವೆಯಾಗಿ, ಕೇಶಮುಂಡನಕ್ಕೆ ಒಳಗಾಗಿ, ತಾನು ಅನುಭವಿಸಿದ ಕಟ್ಟಳೆಯನ್ನು ಮುಂದಿನ ಪೀಳಿಗೆಯ ಹೆಣ್ಣಿನ ಮೇಲೆ ಹೇರಲೊಪ್ಪದ ಹೆಂಗಸಿನ ಕಥೆಯದು. ತರಗತಿಗಳಲ್ಲಿ ‘ಸಾಮಾಜಿಕ ಕಾದಂಬರಿ’ ಎಂಬ ತಲೆಬರಹದಡಿ ಅದನ್ನು ಹೇಳಿ ಮುಗಿಸುವುದುಂಟು. ನಮ್ಮ ಹಜಾರದಲ್ಲಿ ಅದು ಹಾಗೆ ಮುಗಿಯಲಿಲ್ಲ.

ಹಿರಿಯರೊಬ್ಬರು ತಮ್ಮ ಸೋದರತ್ತೆಯ ವಿಷಯ ಹೇಳುತ್ತಿದ್ದರು. ಕ್ಷೌರಿಕ ಹಿತ್ತಲ ಬಾಗಿಲಿಗೆ ಬರುವ ದಿನ ಆಕೆ ಅನ್ನ ಮುಟ್ಟುತ್ತಿರಲಿಲ್ಲವಂತೆ. ತಟ್ಟೆ ಹಿಡಿದು ನಾನು ಹೊಸ್ತಿಲಲ್ಲಿ ಕಾಣಿಸಿಕೊಂಡೊಡನೆ ಮಾತು ನಿಂತಿತು. ತಟ್ಟೆಯನ್ನಿಟ್ಟು ಒಲೆಯ ಬಳಿಗೆ ಮರಳಿದೆ. ಒಂದು ದೋಸೆ ಬೇಯುವಷ್ಟು ಹೊತ್ತು ಯಾರ ದನಿಯೂ ಇಲ್ಲ. ಬಳಿಕ ಅದೇ ಕಂಠ ಕೇಳಿಸಿತು: “ಮೇಷ್ಟ್ರೇ, ಬಾಗಿಲು ತೆರೆದೇ ಇರಲಿ. ನೀವೂ ಕೇಳಬೇಕಾದ್ದೇ ಇದು.”

ಅವರು ಮುಂದುವರಿಸಿದರು. ನನ್ನಾಕೆ ಕೊನೆಯವರೆಗೂ ಎದ್ದು ಬರಲಿಲ್ಲ. ನಮ್ಮ ಮನೆಯಲ್ಲಿ ಸೇರಿದ ಕೂಟದಲ್ಲಿ ಆಕೆ ಪೂರ್ತಿಯಾಗಿ ಕುಳಿತದ್ದು ಅದೇ ಮೊದಲು.

ಮಡದಿಯ ಓದುಕೂಟಕ್ಕೆ ಸೇರಬಯಸುವ ವಾಚಕ ಮಹಾಶಯರಿಗೆ ಒಂದೆರಡು ಸೂಚನೆ: ಪುಸ್ತಕವನ್ನು ಪೂರ್ತಿ ಓದಿಕೊಂಡಿರಿ, ಕೇಳಿದಾಗ ಮಾತ್ರ ಅಭಿಪ್ರಾಯ ಹೇಳಿ, ಎಲ್ಲರೂ ಹೊರಟ ಮೇಲೆ ತಟ್ಟೆ ತೊಳೆಯುವುದೂ ನಿಮ್ಮ ಪಾಲಿನದೇ ಎಂಬುದನ್ನು ಮರೆಯದಿರಿ.