ಬಸುರಿಯನ್ನ 'ಹೇಗಿದೀಯಮ್ಮ' ಅಂತ ಕೇಳಿದ್ದು ಯಾರು?

ಒಂದು ಫೋನ್ ಕರೆಯಿಂದ ಶುರು ಮಾಡ್ತೀನಿ. ಸ್ತ್ರೀರೋಗ ತಜ್ಞೆಯೊಬ್ಬರನ್ನ ಸ್ಟುಡಿಯೋದಲ್ಲಿ ಕೂರಿಸಿಕೊಂಡು ಫೋನ್-ಇನ್ ನಡೆಸ್ತಾ ಇದ್ದೆ. ಪಪ್ಪಾಯಿ ತಿನ್ನಬಹುದಾ, ಕೇಸರಿ ಹಾಲು ಕುಡಿದ್ರೆ ಮಗು ಬೆಳ್ಳಗಾಗುತ್ತಾ, ಇಂಥವೇ ಪ್ರಶ್ನೆಗಳು. (ಆಗಲ್ಲ, ಬಿಡಿ.) ಆಮೇಲೆ ಹಾಸನದ ಕಡೆಯಿಂದ ಒಬ್ಬ ಹೆಣ್ಣುಮಗಳು ಸಣ್ಣ ದನಿಯಲ್ಲಿ ಕೇಳಿದರು: "ಸಾರ್, ನನಗೆ ಐದು ತಿಂಗಳು. ರಿಪೋರ್ಟ್ ಎಲ್ಲಾ ನಾರ್ಮಲ್ ಇದೆ. ಆದ್ರೆ ಖುಷಿನೇ ಆಗ್ತಿಲ್ಲ. ಇದು ತಪ್ಪಾ?" ಹಿಂದಿನಿಂದ ಯಾರೋ ಕರೆದ ಸದ್ದು. ಲೈನ್ ಕಟ್.

ತಪ್ಪಲ್ಲ ವೀಕ್ಷಕರೇ. ಮೊದಲ ಮೂರು ತಿಂಗಳು ಈಸ್ಟ್ರೋಜೆನ್, ಪ್ರೊಜೆಸ್ಟೆರಾನ್ ಹಾರ್ಮೋನುಗಳು ಒಂದೇ ಸಮನೆ ಏರ್ತಾ ಹೋಗುತ್ತವೆ. ವಾಂತಿ, ಸುಸ್ತು, ಊಟದ ವಾಸನೆ ಕಂಡರಾಗಲ್ಲ. ಜೊತೆಗೆ ಮಗು ನಿಲ್ಲುತ್ತೋ ಇಲ್ಲವೋ ಅನ್ನೋ ಭಯ. ಹಿಂದೆ ಒಂದು ಸಲ ಗರ್ಭ ಇಳಿದವರಿಗಂತೂ ಪ್ರತಿ ಸ್ಕ್ಯಾನಿಂಗೂ ಪರೀಕ್ಷೆಯ ಫಲಿತಾಂಶ ಇದ್ದ ಹಾಗೆ. ಐದನೇ ತಿಂಗಳ ಆಸುಪಾಸು ಒಳಗೆ ಏನೋ ಮಿಸುಕಿದ ಹಾಗಾಗುತ್ತೆ. ಅಲ್ಲಿಂದ ಎಷ್ಟೋ ತಾಯಂದಿರಿಗೆ ಮಗು ನಿಜ ಅನ್ನಿಸೋಕೆ ಶುರು. ಕೊನೇ ದಿನಗಳಲ್ಲಿ ನಿದ್ದೆ ಇಲ್ಲ, ಹೆರಿಗೆಯ ಹೆದರಿಕೆ ಬೇರೆ. ಒಂದೇ ದಿನದಲ್ಲಿ ನಗು, ಅಳು, ಸಿಟ್ಟು ಮೂರೂ ಬಂದು ಹೋಗಬಹುದು.

ಆದ್ರೆ ನಾವೇನು ಮಾಡ್ತೀವಿ? ಹಸಿರು ಬಳೆ ತೊಡಿಸ್ತೀವಿ, ಮಡಿಲು ತುಂಬ್ತೀವಿ, ಬಯಕೆ ಏನು ಅಂತ ಕೇಳ್ತೀವಿ. ಒಳ್ಳೇದೇ. ಮಾವಿನಕಾಯಿ ಬೇಕು ಅಂದ್ರೆ ತಂದುಕೊಡ್ತೀವಿ. "ನನಗೆ ಭಯ ಆಗ್ತಿದೆ" ಅಂದ್ರೆ? "ಬಸುರಿ ಹಾಗೆಲ್ಲ ಮಾತಾಡಬಾರದು, ಮಗುವಿಗೆ ಒಳ್ಳೇದಲ್ಲ" ಅಂತ ಬಾಯಿ ಮುಚ್ಚಿಸ್ತೀವಿ. ಈಗ ಅವಳಿಗೆ ಭಯದ ಜೊತೆ ತಪ್ಪಿತಸ್ಥ ಭಾವನೆಯೂ ಸೇರಿತು. ಇದರ ಮೇಲೆ "ಈ ಸಲ ಗಂಡೇ ಆಗ್ಲಿ" ಅನ್ನೋ ಹಾರೈಕೆ. ಭ್ರೂಣಲಿಂಗ ಪತ್ತೆ ನಿಷೇಧಿಸುವ ಕಾನೂನು 1994ರಲ್ಲೇ ಬಂತು. ಸ್ಕ್ಯಾನಿಂಗ್ ಸೆಂಟರಿನಲ್ಲಿ ಬೋರ್ಡೂ ಇದೆ. ಊಟದ ಮನೆಯಲ್ಲಿ ಅತ್ತೆ ಆಡೋ ಮಾತಿಗೆ ಯಾವ ಬೋರ್ಡು?

ನಾನೂ ಸಾಚಾ ಅಲ್ಲ. ನನ್ನ ಹೆಂಡತಿ ಬಸುರಿಯಾಗಿದ್ದಾಗ ನಾನು ಚುನಾವಣೆ ಅಂತ ಊರೂರು ಸುತ್ತುತ್ತಿದ್ದೆ. ರಾತ್ರಿ ಫೋನ್ ಮಾಡಿ "ಮಾತ್ರೆ ತಗೊಂಡ್ಯಾ?" ಅಂತಿದ್ದೆ. ಅಷ್ಟೇ. ವರ್ಷಗಳಾದ ಮೇಲೆ ಅವಳೇ ಹೇಳಿದಳು, "ನೀವು ನರ್ಸ್ ಥರ ಕೇಳ್ತಿದ್ರಿ."

ಎಲ್ಲಾ ಅಳುವೂ ಕಾಯಿಲೆ ಅಲ್ಲ. ಆದ್ರೆ ಎರಡು ವಾರ ಕಳೆದರೂ ಮಂಕು ಹೋಗಲಿಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ-ಊಟ ಕೆಟ್ಟಿದೆ, "ನಾನಿದ್ದು ಏನು ಪ್ರಯೋಜನ" ಅನ್ನೋ ಮಾತು ಬರ್ತಿದೆ ಅಂದ್ರೆ ಅದು ಖಿನ್ನತೆ ಇರಬಹುದು. ಸಾಯೋ ಮಾತು ಬಂದರಂತೂ ಎರಡು ವಾರ ಕಾಯಬೇಡಿ, ಆವತ್ತೇ ಕರೆದುಕೊಂಡು ಹೋಗಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಸುಮಾರು ಶೇ. 10ರಷ್ಟು ಗರ್ಭಿಣಿಯರಿಗೆ ಮಾನಸಿಕ ಸಮಸ್ಯೆ ಕಾಡುತ್ತೆ. ಅದರಲ್ಲಿ ಖಿನ್ನತೆಯೇ ಮುಖ್ಯ. ನಮ್ಮಂಥ ಅಭಿವೃದ್ಧಿಶೀಲ ದೇಶಗಳಲ್ಲಿ ಈ ಪ್ರಮಾಣ ಶೇ. 15.6. ಬಾಣಂತನದಲ್ಲಿ ಇನ್ನೂ ಜಾಸ್ತಿ, ಶೇ. 19.8.

ಚಿಕಿತ್ಸೆ ಇದೆ. ಆಶಾ ಕಾರ್ಯಕರ್ತೆಗೆ ಹೇಳಿ, ಚೆಕಪ್‌ಗೆ ಹೋದಾಗ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಮೊದಲಿಂದ ಮಾತ್ರೆ ತಗೊಳ್ತಾ ಇದ್ದವರು ಬಸುರಿ ಅಂತ ಗೊತ್ತಾದ ಕೂಡಲೇ ತಾವಾಗೇ ನಿಲ್ಲಿಸಬೇಡಿ, ಕೇಳಿ ಮುಂದುವರಿಯಿರಿ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಕೂಸನ್ನ ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಾರ್ಡೇ ಇದೆ. ದೂರದ ಊರಿನವರಿಗೆ ಟೆಲಿ ಮನಸ್ ಸಹಾಯವಾಣಿ ಇದೆ. 2022ರಲ್ಲಿ ಶುರುವಾಗಿದ್ದು, ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಂಬರ್ 14416.

ಅವತ್ತು ಆ ನಂಬರನ್ನ ಕಾರ್ಯಕ್ರಮ ಮುಗಿಯೋವರೆಗೂ ಪರದೆ ಮೇಲೆ ಓಡಿಸಿದ್ವಿ. ಹಾಸನದ ಆ ತಂಗಿ ಮತ್ತೆ ಕರೆ ಮಾಡಲಿಲ್ಲ.