ಬೀದಿಯ ಬಾಡಿಗೆ

ನಗರವೆಂದರೆ ಮನೆಗಳ ಗುಂಪು ಮಾತ್ರವಲ್ಲ. ಮನೆ ಮನೆಗಳನ್ನು ಕೂಡಿಸುವ ಬೀದಿಗಳೂ ನಗರವೇ. ಬೀದಿಯು ಯಾವೊಬ್ಬನ ಸ್ವತ್ತೂ ಅಲ್ಲ, ಊರಿನವರೆಲ್ಲರ ಸ್ವತ್ತು. ಜನರು ನಡೆದಾಡುವುದಕ್ಕೆ, ಬಂಡಿ ವಾಹನಗಳು ಓಡಾಡುವುದಕ್ಕೆ ಮಾತ್ರ ಅದು ಉಪಯೋಗವಾಗುತ್ತದೆಯೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಅದರ ಅಂಚಿನಲ್ಲಿ ವಿದ್ಯುತ್ ಕಂಬಗಳು ನಿಂತಿವೆ. ಒಡಲಿನಲ್ಲಿ ನೀರಿನ ಕೊಳವೆಗಳೂ ದೂರವಾಣಿಯ ತಂತಿಗಳೂ ಹಾಯ್ದಿವೆ. ಎಲ್ಲರಿಗೂ ಸೇರಿದ ನೆಲದಲ್ಲಿ ಕಂಬ ನೆಟ್ಟು, ತಂತಿ ಎಳೆದು, ಅದರಿಂದ ವ್ಯಾಪಾರ ನಡೆಸುವವರು ಊರಿಗೆ ಏನನ್ನಾದರೂ ಕೊಡಬೇಡವೆ? ಕೊಡಬೇಕಾದರೆ ಎಷ್ಟು ಕೊಡಬೇಕು?

ನಮ್ಮ ರಾಜ್ಯದಲ್ಲಿ ಮನೆಮನೆಗೆ ವಿದ್ಯುತ್ತನ್ನು ಹಂಚುವ ಕಂಪನಿಗಳು ಬಹುಮಟ್ಟಿಗೆ ಸರ್ಕಾರಕ್ಕೇ ಸೇರಿದವು. ಆದ್ದರಿಂದ ಈ ಪ್ರಶ್ನೆಯು ನಮಗೆ ಅಷ್ಟಾಗಿ ತಟ್ಟುವುದಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ಸ್ಥಿತಿ ಬೇರೆ. ಅಲ್ಲಿ ವಿದ್ಯುತ್ತು, ಕೊಳವೆಯ ಅನಿಲ, ಕೇಬಲ್ ದೂರದರ್ಶನ ಮುಂತಾದುವನ್ನು ಅನೇಕ ನಗರಗಳಲ್ಲಿ ಖಾಸಗಿ ಕಂಪನಿಗಳು ಒದಗಿಸುತ್ತವೆ. ಬೀದಿಯನ್ನು ಇಂತಿಷ್ಟು ವರ್ಷಗಳವರೆಗೆ ಬಳಸಿಕೊಳ್ಳಲು ನಗರಸಭೆಯು ಕಂಪನಿಗೆ ಕೊಡುವ ಹಕ್ಕಿಗೆ ಫ್ರಾಂಚೈಸಿ ಎಂದು ಹೆಸರು; ಆ ಹಕ್ಕಿಗಾಗಿ ಕಂಪನಿಯು ಸಲ್ಲಿಸುವ ಹಣವೇ ಫ್ರಾಂಚೈಸಿ ಶುಲ್ಕ. ಇದನ್ನು ಬೀದಿಯ ಬಾಡಿಗೆಯೆಂದರೆ ತಪ್ಪಾಗಲಾರದು. ಆದರೆ ಈ ಬಾಡಿಗೆಯನ್ನು ಸಾಮಾನ್ಯವಾಗಿ ನೆಲದ ಅಳತೆಯಿಂದಾಗಲಿ ಕಂಬಗಳ ಎಣಿಕೆಯಿಂದಾಗಲಿ ಗೊತ್ತುಮಾಡುವುದಿಲ್ಲ. ಆ ನಗರದಲ್ಲಿ ಕಂಪನಿಗೆ ಬರುವ ಆದಾಯದ ಇಷ್ಟು ಶೇಕಡಾ ಭಾಗವೆಂದು ಗೊತ್ತುಮಾಡುವುದೇ ಹೆಚ್ಚಿನ ರೂಢಿ.

ಇಲ್ಲಿಯೇ ತೊಡಕು ಹುಟ್ಟುತ್ತದೆ. ಕಂಪನಿಯು ಈ ಹಣವನ್ನು ತನ್ನ ಲಾಭದಿಂದ ತೆಗೆದುಕೊಡುವುದು ಅಪರೂಪ. ಅದು ಗ್ರಾಹಕನ ಬಿಲ್ಲಿಗೆ ಸೇರಿ, ಕೊನೆಗೆ ದೀಪ ಹಚ್ಚಿಕೊಂಡವನ ಕಿಸೆಯಿಂದಲೇ ಬರುತ್ತದೆ. ತಿಂಗಳಿಗೆ 100 ಡಾಲರಿನ ವಿದ್ಯುತ್ತನ್ನು ಬಳಸುವ ಮನೆಯನ್ನು ಎಣಿಸಿಕೊಳ್ಳಿರಿ. ಶುಲ್ಕವು ಶೇಕಡಾ 2 ಆದರೆ ಆ ಮನೆಯವರು 2 ಡಾಲರನ್ನು ನಗರಕ್ಕೆ ಕೊಟ್ಟಂತಾಯಿತು. ಮರುವರ್ಷ ಇಂಧನದ ಬೆಲೆಯೇರಿ ಅಷ್ಟೇ ವಿದ್ಯುತ್ತಿಗೆ 150 ಡಾಲರ್ ಆಯಿತೆನ್ನೋಣ. ಈಗ ನಗರದ ಪಾಲು 3 ಡಾಲರ್. ಹೊಸದಾಗಿ ಒಂದು ಕಂಬವನ್ನೂ ನೆಟ್ಟಿಲ್ಲ, ಬೀದಿಯು ಒಂದು ಗೇಣು ಅಗಲವಾಗಿಲ್ಲ. ಬಾಡಿಗೆ ಮಾತ್ರ ಒಂದೂವರೆ ಪಟ್ಟು ಆಯಿತು! ಬಡವನ ಮನೆಗೂ ದೀಪ ಬೇಕು. ಆದಕಾರಣ ಸಂಪಾದನೆಯ ಲೆಕ್ಕದಲ್ಲಿ ನೋಡಿದರೆ ಇಂತಹ ಹೊರೆಯು ಧನಿಕನಿಗಿಂತ ಬಡವನಿಗೇ ಹೆಚ್ಚು ಭಾರವೆನಿಸುತ್ತದೆ.

ಹಾಗಾದರೆ ನಗರಗಳು ಇದನ್ನು ಏಕೆ ಇಷ್ಟು ನೆಚ್ಚಿಕೊಂಡವು? ಕಾರಣ ಬಹು ಸರಳ. ವಸೂಲಿಗೆ ನಗರದ ನೌಕರರು ಬಾಗಿಲಿಂದ ಬಾಗಿಲಿಗೆ ಅಲೆಯಬೇಕಾಗಿಲ್ಲ. ಕಂಪನಿಯೇ ವಸೂಲು ಮಾಡಿ ತಂದೊಪ್ಪಿಸುತ್ತದೆ. ಕೊಡುವವನಿಗೆ ತಾನು ಕೊಡುತ್ತಿರುವೆನೆಂಬುದೂ ಅನೇಕ ವೇಳೆ ತಿಳಿಯದು. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಮತ್ತೊಂದು ಕಾರಣವೂ ಕೂಡಿಕೊಂಡಿತು. 1978ರಲ್ಲಿ ಅಲ್ಲಿನ ಮತದಾರರು ಹದಿಮೂರನೆಯ ಪ್ರಸ್ತಾಪವೆಂಬ ತಿದ್ದುಪಡಿಯನ್ನು ಅಂಗೀಕರಿಸಿ, ಸ್ಥಿರಾಸ್ತಿಯ ಮೇಲಿನ ತೆರಿಗೆಯು ಅದರ ನಿಗದಿಯಾದ ಬೆಲೆಯ ಶೇಕಡಾ 1ನ್ನು ಮೀರಬಾರದೆಂದು ಕಟ್ಟುಮಾಡಿದರು. 1996ರಲ್ಲಿ ಅಂಗೀಕಾರವಾದ 218ನೆಯ ಪ್ರಸ್ತಾಪವು, ನಗರಗಳು ಹೊಸ ತೆರಿಗೆಯನ್ನು ಹಾಕುವ ಮೊದಲು ಜನರ ಮತವನ್ನು ಪಡೆಯಲೇಬೇಕೆಂದು ವಿಧಿಸಿತು. ತೆರಿಗೆಯ ಬಾಗಿಲುಗಳು ಹೀಗೆ ಇಕ್ಕಟ್ಟಾದಾಗ ನಗರಸಭೆಗಳ ಕಣ್ಣು ಶುಲ್ಕಗಳ ಕಡೆಗೆ ಹೊರಳಿದುದು ಸಹಜವೇ. ರಸ್ತೆಯ ದುರಸ್ತಿಯೂ ಪೊಲೀಸರ ಸಂಬಳವೂ ಮತದಾರರ ತೀರ್ಮಾನವನ್ನು ಕಾಯುತ್ತ ನಿಲ್ಲುವುದಿಲ್ಲವಷ್ಟೆ.

ಪೆಸಿಫಿಕ್ ಸಾಗರದ ತೀರದಲ್ಲಿರುವ ಸಾಂತಾ ಬಾರ್ಬರಾ ನಗರದ ಸಂಗತಿಯು ಈ ವಿಷಯವನ್ನು ಚೆನ್ನಾಗಿ ಬೆಳಗುತ್ತದೆ. ಅಲ್ಲಿಗೆ ವಿದ್ಯುತ್ತನ್ನು ಒದಗಿಸುವುದು ಸದರ್ನ್ ಕ್ಯಾಲಿಫೋರ್ನಿಯಾ ಎಡಿಸನ್ ಎಂಬ ಕಂಪನಿ. ಅದು ನಗರಕ್ಕೆ ಕೊಡುತ್ತಿದ್ದ ಶುಲ್ಕ ಶೇಕಡಾ 1. 1999ರ ಹೊಸ ಒಪ್ಪಂದದಲ್ಲಿ ನಗರವು ಇನ್ನೂ ಶೇಕಡಾ 1ನ್ನು ಕೇಳಿತು. ಕಂಪನಿಯು ಒಪ್ಪಿತು, ಆದರೆ ಈ ಹೆಚ್ಚಿನ ಭಾಗವನ್ನು ಆ ನಗರದ ಗ್ರಾಹಕರ ಬಿಲ್ಲಿನಲ್ಲಿಯೇ ಬೇರೆಯಾಗಿ ಕಾಣಿಸಿ ವಸೂಲು ಮಾಡುವುದೆಂದು ಗೊತ್ತಾಯಿತು. 2005ರಿಂದ ವಸೂಲಿಯೂ ಮೊದಲಾಯಿತು. 2011ರಲ್ಲಿ ಒಬ್ಬ ನಿವಾಸಿಯೂ ಒಂದು ವ್ಯಾಪಾರ ಸಂಸ್ಥೆಯೂ ನ್ಯಾಯಾಲಯದ ಮೊರೆಹೊಕ್ಕರು. ಇದು ಶುಲ್ಕದ ವೇಷ ತೊಟ್ಟ ತೆರಿಗೆ. ಜನರ ಮತವನ್ನು ಪಡೆಯದೆ ಹೇರಿದುದು ಸಲ್ಲದು ಎಂಬುದು ಅವರ ವಾದ. ಬೀದಿಯು ನಮ್ಮದು, ಅದರ ಬೆಲೆಯನ್ನು ನಾವು ಕೇಳಿದೆವು, ಕಂಪನಿಯು ಒಪ್ಪಿ ಕೊಟ್ಟಿತು ಎಂಬುದು ನಗರದ ವಾದ.

ಶುಲ್ಕಕ್ಕೂ ತೆರಿಗೆಗೂ ಇರುವ ಭೇದವು ನಮ್ಮವರಿಗೆ ಅಪರಿಚಿತವಲ್ಲ. ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಶೀರೂರು ಮಠದ ಮೊಕದ್ದಮೆಯಲ್ಲಿ 1954ರಲ್ಲಿ ಭಾರತದ ಸುಪ್ರೀಂ ಕೋರ್ಟು ಇದನ್ನೇ ವಿಚಾರಿಸಿತ್ತು. ಉಡುಪಿಯು ಅಂದು ಮದರಾಸು ರಾಜ್ಯಕ್ಕೆ ಸೇರಿದ್ದಿತು. ಧಾರ್ಮಿಕ ಸಂಸ್ಥೆಗಳು ತಮ್ಮ ಆದಾಯದ ಶೇಕಡಾ 5ನ್ನು ಮೀರದಷ್ಟು ವಂತಿಗೆಯನ್ನು ಪ್ರತಿವರ್ಷ ಸರ್ಕಾರಕ್ಕೆ ಸಲ್ಲಿಸಬೇಕೆಂದು ಆ ರಾಜ್ಯದ 1951ರ ಶಾಸನವು ವಿಧಿಸಿತ್ತು. ಪಡೆದ ಹಣಕ್ಕೆ ಪ್ರತಿಯಾಗಿ ಕೊಟ್ಟವನಿಗೆ ಸೇವೆಯು ಸಲ್ಲಬೇಕು, ಆಗಲೇ ಅದು ಶುಲ್ಕ. ಹಾಗಿಲ್ಲದೆ ರಾಜ್ಯದ ಸಾಮಾನ್ಯ ನಿಧಿಯಲ್ಲಿ ಕರಗಿಹೋಗುವುದು ತೆರಿಗೆ ಎಂದು ನ್ಯಾಯಾಲಯವು ವಿವೇಚಿಸಿ, ಆ ವಂತಿಗೆಯು ತೆರಿಗೆಯೇ ಎಂದು ತಳ್ಳಿಹಾಕಿತು. ಮುಂದಿನ ತೀರ್ಪುಗಳು ಈ ನಿಯಮವನ್ನು ಕೊಂಚ ಸಡಿಲಿಸಿವೆ. ಕಾಸಿಗೆ ಕಾಸು ಸರಿಹೊಂದಬೇಕಾಗಿಲ್ಲ, ಸ್ಥೂಲವಾದ ಸಂಬಂಧವಿದ್ದರೆ ಸಾಕು ಎಂಬುದು ಅವುಗಳ ಭಾವ.

ಸಾಂತಾ ಬಾರ್ಬರಾದ ವ್ಯಾಜ್ಯದಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯವು 2017ರ ಜೂನ್ 29ರಂದು ತೀರ್ಪು ನೀಡಿತು. ಅದು ಎರಡು ಪಕ್ಷಗಳಲ್ಲಿ ಯಾರನ್ನೂ ಪೂರ್ಣವಾಗಿ ಗೆಲ್ಲಿಸಲಿಲ್ಲ. ಬೀದಿಯನ್ನು ಬಳಸುವ ಹಕ್ಕಿಗೆ ಬೆಲೆಯಿದೆ, ಆ ಬೆಲೆಯನ್ನು ಪಡೆಯುವುದು ತೆರಿಗೆಯಲ್ಲ ಎಂದು ಅದು ನಗರದ ಮಾತನ್ನು ಮನ್ನಿಸಿತು. ಆದರೆ ಶುಲ್ಕವು ಹಕ್ಕಿನ ಬೆಲೆಗೆ ಯುಕ್ತವಾದ ಸಂಬಂಧವನ್ನು ಹೊಂದಿರಬೇಕು. ಮೀರಿದ ಭಾಗವು ತೆರಿಗೆಯಾಗುತ್ತದೆ, ಅದಕ್ಕೆ ಮತದಾರರ ಒಪ್ಪಿಗೆ ಬೇಕು ಎಂದು ಎಲ್ಲೆಯನ್ನು ಕಟ್ಟಿತು. ಈ ಎಲ್ಲೆಯು ನ್ಯಾಯವಾದುದೆಂದೇ ನನ್ನ ಅಭಿಪ್ರಾಯ. ಎಲ್ಲೆಯಿಲ್ಲದಿದ್ದರೆ ನಗರವು ತನ್ನ ಖಜಾನೆಯಲ್ಲಿ ಕೊರತೆ ಬಿದ್ದಾಗಲೆಲ್ಲ ಬೀದಿಯ ಬಾಡಿಗೆಯನ್ನು ಏರಿಸಬಹುದು. ಜನರು ಬೇಡವೆನ್ನುವುದಕ್ಕೆ ಅವಕಾಶವೇ ಇರುವುದಿಲ್ಲ.

ಬೀದಿಯ ಬೆಲೆಯನ್ನು ಅಳೆಯುವ ಬಗೆ ಹೇಗೆ? ಸಂತೆಯಲ್ಲಿ ಕೊಳ್ಳುವವನೂ ಮಾರುವವನೂ ಚೌಕಾಸಿ ಮಾಡಿ ಒಂದು ಬೆಲೆಗೆ ಬರುತ್ತಾರೆ. ನಗರವೂ ಕಂಪನಿಯೂ ಪ್ರಾಮಾಣಿಕವಾಗಿ ಚೌಕಾಸಿ ಮಾಡಿದ್ದರೆ ಆ ಬೆಲೆಯನ್ನು ಪ್ರಮಾಣವಾಗಿ ಹಿಡಿಯಬಹುದೆಂದು ನ್ಯಾಯಾಲಯವು ಹೇಳಿತು. ಆದರೆ ಕೊಟ್ಟುದನ್ನೆಲ್ಲ ಗ್ರಾಹಕನ ಬಿಲ್ಲಿಗೆ ಸಾಗಿಸಬಲ್ಲ ಕಂಪನಿಯು ಏಕೆ ಮನಸ್ಸಿಟ್ಟು ಚೌಕಾಸಿ ಮಾಡೀತು? ಈ ಸಂದೇಹವನ್ನು ನ್ಯಾಯಾಧೀಶರೂ ಗಮನಿಸದೆ ಬಿಡಲಿಲ್ಲ.

ಇದಕ್ಕೆ ಇನ್ನೊಂದು ದಾರಿಯೆಂದರೆ ಶಾಸನದಲ್ಲಿಯೇ ಅಂಕೆಯನ್ನು ಬರೆದುಬಿಡುವುದು. ಕೇಬಲ್ ದೂರದರ್ಶನದ ವಿಷಯದಲ್ಲಿ ಅಮೆರಿಕದ ಸಂಸತ್ತು 1984ರಲ್ಲಿ ಹಾಗೆಯೇ ಮಾಡಿತು: ಕೇಬಲ್ ಸೇವೆಯಿಂದ ಬರುವ ಒಟ್ಟು ಆದಾಯದ ಶೇಕಡಾ 5ಕ್ಕಿಂತ ಹೆಚ್ಚಿನ ಫ್ರಾಂಚೈಸಿ ಶುಲ್ಕವನ್ನು ಯಾವ ನಗರವೂ ಪಡೆಯುವಂತಿಲ್ಲ. ಇದರಿಂದ ತಗಾದೆ ಕಡಿಮೆಯಾಗುತ್ತದೆ. ನಗರಕ್ಕೆ ತನ್ನ ಪಾಲು ಎಷ್ಟೆಂಬುದೂ ಮೊದಲೇ ತಿಳಿದಿರುತ್ತದೆ. ಆದರೂ ಈ ವರಮಾನವು ಸ್ಥಿರವೆಂದು ತಿಳಿಯಲಾಗದು. ಇತ್ತೀಚಿನ ವರ್ಷಗಳಲ್ಲಿ ಜನರು ಕೇಬಲನ್ನು ಬಿಟ್ಟು ಅಂತರ್ಜಾಲದ ಮೂಲಕ ಚಿತ್ರಗಳನ್ನು ನೋಡತೊಡಗಿದ್ದಾರೆ. ತಂತಿಯು ಅದೇ ಬೀದಿಯಲ್ಲಿ, ಅದೇ ಕಂಬದ ಮೇಲಿದೆ. ಆದರೆ ಕೇಬಲ್ಲಿನ ಆದಾಯವು ಇಳಿದಂತೆಲ್ಲ ನಗರಕ್ಕೆ ಬರುವ ಬಾಡಿಗೆಯೂ ಇಳಿಯುತ್ತಿದೆ.