ಸರ್ಕಾರಕ್ಕೆ ರಾಗಿ ಮಾರುವ ಮೊದಲು



ಬೆಂಗಳೂರಿನ ಶ್ರೀನಗರ, ಬನಶಂಕರಿ ದಾಟಿ ಕನಕಪುರದ ಕಡೆಗೆ ಸಾಗಿದರೆ ಇಂದಿಗೂ ರಾಗಿಯ ಸೀಮೆ. ಸರ್ಕಾರವು ಬೆಂಬಲ ಬೆಲೆ ಕೊಟ್ಟು ಈ ರಾಗಿಯನ್ನು ಕೊಂಡು, ನ್ಯಾಯಬೆಲೆ ಅಂಗಡಿಗಳ ಮೂಲಕ ಹಂಚುವುದನ್ನು ನೀವು ಬಲ್ಲಿರಿ. 2015-16ರಲ್ಲಿ ಕ್ವಿಂಟಾಲಿಗೆ 1,650 ರೂಪಾಯಿ ಇದ್ದ ಈ ಬೆಲೆಯನ್ನು ಕೇಂದ್ರ ಸರ್ಕಾರವು 2025-26ರ ಬೆಳೆಗೆ 4,886 ರೂಪಾಯಿ ಎಂದು ಗೊತ್ತುಮಾಡಿತು. ಪೇಟೆಯ ಧಾರಣೆ ಇದಕ್ಕಿಂತ 500 ರೂಪಾಯಿ ಕಡಿಮೆ ಎಂದುಕೊಳ್ಳಿ. ಆಗ ಹತ್ತು ಕ್ವಿಂಟಾಲನ್ನು ಪೇಟೆಯಲ್ಲೇ ಮಾರಬೇಕಾಗಿ ಬಂದವರಿಗೆ 5,000 ರೂಪಾಯಿ ನಷ್ಟ.

ಕಾಳು ಚೆನ್ನಾಗಿದ್ದೂ ಕೆಲವರಿಗೆ ಸರ್ಕಾರಕ್ಕೆ ಮಾರಲಾಗುವುದಿಲ್ಲ. ಏಕೆ? ಕೊಳ್ಳುವ ಕ್ರಮವೇ ಬದಲಾಗಿದೆ.

ಈಗಿನ ಕ್ರಮ

ಹಿಂದೆ ಪಹಣಿ, ದೃಢೀಕರಣ ಪತ್ರ ಮುಂತಾದ ಕಾಗದಗಳೇ ಆಧಾರವಾಗಿದ್ದವು. ಈಗ ಆ ಕೆಲಸವನ್ನು ‘ಫ್ರೂಟ್ಸ್’ ಎಂಬ ಗಣಕಯಂತ್ರದ ದಾಖಲೆ ಮಾಡುತ್ತದೆ. ಇದರಲ್ಲಿ ನೋಂದಾಯಿಸಿದ ಪ್ರತಿ ರೈತನಿಗೂ ‘ಎಫ್‌ಐಡಿ’ ಎಂಬ ಗುರುತಿನ ಸಂಖ್ಯೆ ಉಂಟು. ನಿಮ್ಮ ಆಧಾರ್, ಪಹಣಿಯ ಸರ್ವೆ ನಂಬರು, ಬ್ಯಾಂಕ್ ಖಾತೆ ಮೂರೂ ಆ ಸಂಖ್ಯೆಗೆ ಕೂಡಿಕೊಂಡಿರುತ್ತವೆ. ಖರೀದಿ ಕೇಂದ್ರದಲ್ಲಿ ಹೆಸರು ಬರೆಸುವಾಗ ಜಮೀನೆಷ್ಟು, ಬೆಳೆ ಯಾವುದು ಎಂಬುದನ್ನು ಇದರಿಂದಲೇ ನೋಡುತ್ತಾರೆ. ಹಣವು ನೇರವಾಗಿ ಖಾತೆಗೆ ಬರುತ್ತದೆ.

ಇದರಿಂದ ಕಾಗದಕ್ಕಾಗಿ ಅಲೆಯುವುದು ಕಡಿಮೆ; ದಲ್ಲಾಳಿಯು ರೈತರ ಹೆಸರಿನಲ್ಲಿ ತನ್ನ ಚೀಲಗಳನ್ನು ಸಾಗಿಸುವುದೂ ಕಷ್ಟ. ಆದರೆ ಯಂತ್ರಕ್ಕೆ ದಾಕ್ಷಿಣ್ಯವಿಲ್ಲ. ಹೊಲದಲ್ಲಿ ರಾಗಿ ಇದ್ದು ದಾಖಲೆಯಲ್ಲಿ ಮುಸುಕಿನ ಜೋಳವೆಂದಿದ್ದರೆ, ಅದರ ಲೆಕ್ಕಕ್ಕೆ ಅದು ಜೋಳವೇ.

ನೀವು ನೋಡಿಕೊಳ್ಳಬೇಕಾದದ್ದು

1. ಬೆಳೆ ಸಮೀಕ್ಷೆ: ಪೈರು ಹೊಲದಲ್ಲಿರುವಾಗಲೇ ಛಾಯಾಚಿತ್ರ ತೆಗೆದು ಬೆಳೆಯ ಹೆಸರನ್ನು ದಾಖಲಿಸುತ್ತಾರೆ. ನಿಮ್ಮ ಸರ್ವೆ ನಂಬರಿಗೆ ಏನು ಬರೆದಿದೆಯೆಂದು ‘ಬೆಳೆ ದರ್ಶಕ್’ ಆಪ್‌ನಲ್ಲಿ ನೋಡಬಹುದು. ಮೊಬೈಲಿನ ಅಭ್ಯಾಸವಿಲ್ಲದವರು ಮಕ್ಕಳಿಂದ ನೋಡಿಸಿರಿ. ತಪ್ಪಿದ್ದರೆ ಕೂಡಲೇ ಆಕ್ಷೇಪಣೆ ಸಲ್ಲಿಸಿರಿ. ಕೊಯ್ಲಾದ ಮೇಲೆ ತೋರಿಸಲು ಪೈರೇ ಇರುವುದಿಲ್ಲ.

2. ಪಹಣಿ: ತಂದೆ ತೀರಿಕೊಂಡು ವರ್ಷಗಳಾದರೂ ಜಮೀನು ಅವರ ಹೆಸರಿನಲ್ಲೇ ಇದೆಯೇ? ಹಾಗಿದ್ದರೆ ಅದು ನಿಮ್ಮ ಎಫ್‌ಐಡಿಗೆ ಸೇರದು. ಪೌತಿ ಖಾತೆ ಮಾಡಿಸಲು ನಾಡಕಚೇರಿಯಲ್ಲಿ ವಿಚಾರಿಸಿರಿ.

3. ಬ್ಯಾಂಕ್ ಖಾತೆ: ಆಧಾರ್ ಜೋಡಣೆಯಾಗಿದೆಯೇ, ಹೆಸರು ಒಂದೇ ರೀತಿ ಇದೆಯೇ ಎಂದು ಕೇಳಿಕೊಳ್ಳಿರಿ.

ಎಫ್‌ಐಡಿ ಇನ್ನೂ ಇಲ್ಲದವರು ಆಧಾರ್, ಪಹಣಿ ಮತ್ತು ಪಾಸ್‌ಪುಸ್ತಕದೊಡನೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿರಿ.

ವಾರಕ್ಕೆ ಉಳುವವರ ಕಷ್ಟ ಬೇರೆ. ಪಹಣಿ ಒಡೆಯರದು, ಬೆವರು ಇವರದು. ದಾಖಲೆ ನೋಡುವುದು ಪಹಣಿಯನ್ನು. ಇಂಥವರ ಮಾತು ಗ್ರಾಮಸಭೆಯಲ್ಲಿ ಕೇಳಿಬರಬೇಕು.

ರಾಗಿ ತೆನೆ ಬಲಿಯಲು ಕಾಯುವಿರಷ್ಟೆ? ಆ ಬಿಡುವಿನಲ್ಲೇ ಈ ಕೆಲಸ ಮುಗಿಸಿರಿ. ಬಂಡಿ ಕಟ್ಟುವ ಹೊತ್ತಿಗೆ ದಾಖಲೆಯೂ ಸಿದ್ಧವಾಗಿರಲಿ.